ನೆಗಡಿ ರಾಜನ ನಾಣ್ಯ

ಹೆನ್ನಿಂಗ್ ಕೊಲ್ಮೊದೀನನಿಗೆ ಮಾತು ಕಲಿತ ದಿನದಿಂದಲೂ ಉಗ್ಗು. ಎಲ್ಲ ಅಕ್ಷರಗಳೂ ಕಾಡುತ್ತಿದ್ದವು, ಆದರೆ 'ಕ' ಎದುರಾದರೆ ಗಂಟಲಿಗೆ ಯಾರೋ ಒಳಗಿನಿಂದ ಅಗುಳಿ ಹಾಕಿಕೊಂಡಂತಾಗುತ್ತಿತ್ತು. ಮನೆತನದ ಹೆಸರೇ ಆ ಅಕ್ಷರದಿಂದ ಶುರುವಾಗುವುದರಿಂದ, ಎಪ್ಪತ್ತು ದಾಟಿದರೂ ಅವನು ತನ್ನ ಪೂರ್ತಿ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿದ್ದಿಲ್ಲ. ಅಂಥದ್ದಕ್ಕೆಲ್ಲ ಅಕ್ಕ ಆಸ್ತಾ ಇದ್ದಳು. ಫೋನು ಬಂದರೆ ಅವಳು, ಬ್ಯಾಂಕಿಗೆ ಹೋದರೆ ಅವಳು, ಬಾಗಿಲಿಗೆ ಯಾರಾದರೂ ಬಂದರೂ ಅವಳು. ಇಬ್ಬರೂ ಮದುವೆಯಾಗಲಿಲ್ಲ. ಬಾಲ್ಟಿಕ್ ಸಮುದ್ರದ ಗೊಟ್ಲಂಡ್ ದ್ವೀಪದ ದಕ್ಷಿಣಕ್ಕೆ, ಬುರ್ಸ್ ಎಂಬ ಊರಿನ ಸುಣ್ಣಕಲ್ಲಿನ ಮನೆಯಲ್ಲಿ ಅವಳು ಮಾತಾಡುತ್ತಾ ಇವನು ಕೇಳುತ್ತಾ ವರ್ಷಗಳು ಸರಿದುಹೋದವು.

ಕೈ ಮಾತ್ರ ಉಗ್ಗುತ್ತಿರಲಿಲ್ಲ. ವಿಸ್ಬಿ ಪಟ್ಟಣದ ಟೆಲಿಫೋನ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಅವನು ಉಕ್ಕಿನ ಅಚ್ಚು ಕೊರೆದಿದ್ದ. ಕಾರ್ಖಾನೆ ಮುಚ್ಚಿದಾಗ ಚಾಣ, ಅರ, ಭೂತಗನ್ನಡಿಗಳನ್ನು ಒಂದು ಪೆಟ್ಟಿಗೆಗೆ ತುಂಬಿಕೊಂಡು ಮನೆಗೆ ಬಂದ. ಹಿತ್ತಲಿನ ಕೊಟ್ಟಿಗೆಯಲ್ಲಿ ಕಿಟಕಿಯ ಪಕ್ಕ ಒಂದು ಮೇಜು ಹಾಕಿಕೊಂಡು, ಪುಸ್ತಕದ ಚಿತ್ರವೊಂದನ್ನು ನೋಡುತ್ತಾ, ಸಾವಿರ ವರ್ಷದ ಹಿಂದಿನ ಇಂಗ್ಲೆಂಡಿನ ಬೆಳ್ಳಿ ಪೆನ್ನಿಯ ಅಚ್ಚು ಕೊರೆಯತೊಡಗಿದ. ಅಂಥ ನಾಣ್ಯಗಳು ಆ ಕಾಲದ ಹಡಗುಗಳಲ್ಲಿ ಈ ದ್ವೀಪಕ್ಕೂ ಬಂದು ಮಣ್ಣು ಸೇರಿದ್ದವು. ಒಂದು ಮುಖಕ್ಕೆ ರಾಜನ ತಲೆ, ಇನ್ನೊಂದಕ್ಕೆ ಉದ್ದನೆಯ ಶಿಲುಬೆ. ಮೂರು ವಾರ ಹಿಡಿಯಿತು. ಕೊನೆಯ ದಿನ ಚಾಣ ಕೂದಲೆಳೆಯಷ್ಟು ಜಾರಿ ರಾಜನ ಮೂಗಿನ ಕೆಳಗೊಂದು ಗೀರು ಬಿತ್ತು.

ಮೊದಲ ನಾಣ್ಯ ಹೊಡೆದು ತಂದು ತೋರಿಸಿದಾಗ ಆಸ್ತಾ ಕನ್ನಡಕ ಏರಿಸಿಕೊಂಡು ನೋಡಿ ಬಿದ್ದು ಬಿದ್ದು ನಕ್ಕಳು. "ಅಯ್ಯೋ ಪಾಪ, ನಿನ್ನ ರಾಜನಿಗೆ ನೆಗಡಿ ಕಣೋ! ಮೂಗು ಸೋರ್ತಾ ಇದೆ!"

ಹೆನ್ನಿಂಗ್ ಬೇರೆ ಅಚ್ಚು ಕೊರೆಯುತ್ತೇನೆಂದ. ಅವಳು ಬಿಡಲಿಲ್ಲ. "ಇರಲಿ ಬಿಡು. ಅರಮನೆಗಳಲ್ಲಿ ಚಳಿ ಜಾಸ್ತಿ."

ಆಗಸ್ಟಿನಲ್ಲಿ ವಿಸ್ಬಿಯ ಹಳೇ ಕೋಟೆಯೊಳಗೆ ನಡೆಯುವ ಮಧ್ಯಯುಗದ ಸಂತೆಯಲ್ಲಿ ಮಳಿಗೆ ಹಾಕೋಣವೆಂದವಳೂ ಅವಳೇ. ಅವನು ಮರದ ದಿಮ್ಮಿಗೆ ಅಚ್ಚು ನಿಲ್ಲಿಸಿ, ನಡುವೆ ಬೆಳ್ಳಿ ಬಿಲ್ಲೆ ಇಟ್ಟು, ಸುತ್ತಿಗೆಯಿಂದ ಒಂದೇ ಏಟು ಹೊಡೆಯುತ್ತಿದ್ದ. ಅವಳು ಹಳೆಗಾಲದ ಲಂಗ ತೊಟ್ಟು ಕೂಗುತ್ತಿದ್ದಳು: "ಬನ್ನಿ, ಬನ್ನಿ! ಸಾವಿರ ವರ್ಷದ ಹಿಂದಿನ ದುಡ್ಡು, ಇವತ್ತು ಬೆಳಿಗ್ಗೆ ಮಾಡಿದ್ದು!" ಪ್ರತಿ ನಾಣ್ಯದ ಅಂಚಿಗೂ ಅವನು ಸಾಸಿವೆಯಷ್ಟು ಚಿಕ್ಕದಾಗಿ ತನ್ನ ಮನೆತನದ ಮೊದಲಕ್ಷರ ಒತ್ತುತ್ತಿದ್ದ, ಮುಂದೆಂದೂ ಯಾರೂ ಇದನ್ನು ಹಳೆಯದೆಂದು ನಂಬಿ ಮೋಸಹೋಗಬಾರದೆಂದು. ಆಸ್ತಾ ಅದಕ್ಕೂ ಬೇರೆ ಅರ್ಥ ಹೇಳುತ್ತಿದ್ದಳು. "ಬಾಯಲ್ಲಿ ಬರದಿದ್ರೆ ಬೆಳ್ಳೀಲಾದ್ರೂ ಬರಲಿ."

ಒಂದು ಫೆಬ್ರವರಿಯಲ್ಲಿ ಅವಳು ಹೃದಯಾಘಾತದಿಂದ ತೀರಿಕೊಂಡಳು.

ಅಲ್ಲಿಂದ ಮುಂದೆ ಹೆನ್ನಿಂಗ್ ಊರಿನ ಜೊತೆ ತಾನೇ ವ್ಯವಹರಿಸಬೇಕಾಯಿತು. ಊರಿನವರು ಕೆಟ್ಟವರಲ್ಲ, ಆದರೆ ಕಾಯುವವರಲ್ಲ. ಅಂಗಡಿಯಲ್ಲಿ ಅವನು "ಬೆ... ಬೆ..." ಎನ್ನುತ್ತಿದ್ದಂತೆ ಹುಡುಗಿ "ಬೆಣ್ಣೆನಾ?" ಎಂದು ಪೊಟ್ಟಣ ಮುಂದಿಡುತ್ತಿದ್ದಳು. ಅವನಿಗೆ ಬೇಕಾಗಿದ್ದುದು ಬೆಂಕಿಪೊಟ್ಟಣ. ಸರಿಪಡಿಸಲು ಮತ್ತೊಂದು ಮಾತು ಬೇಕಲ್ಲ? ಬೆಣ್ಣೆಯನ್ನೇ ತಂದುಬಿಡುತ್ತಿದ್ದ. ಒಂದೆರಡು ವರ್ಷದಲ್ಲಿ ಅವನ ಅಡುಗೆಮನೆಯ ಕಪಾಟು ಬೇರೆಯವರ ಊಹೆಗಳಿಂದ ತುಂಬಿಹೋಯಿತು. ಸಂತೆಯ ಮಳಿಗೆಯಲ್ಲಿ ಬೆಲೆ ಬರೆದ ಹಲಗೆಯೊಂದನ್ನು ನೇತುಹಾಕಿ ಸುಮ್ಮನೆ ಸುತ್ತಿಗೆ ಹೊಡೆಯುತ್ತಿದ್ದ. ಜನ ನಿಂತು ನೋಡಿ ಮುಂದೆ ಹೋಗುತ್ತಿದ್ದರು.

ಹಾಗೆ ಮುಂದೆ ಹೋಗದೆ ನಿಂತವನು ಕ್ರಿಸ್ಟರ್ ಹೆಡ್ವಾಲ್. ನಲವತ್ತೈದರ ಆಸುಪಾಸಿನ, ತೆಳ್ಳಗಿನ, ಮೃದು ಮಾತಿನ ಮನುಷ್ಯ. ಸಮುದ್ರದಾಚೆ ನೊರ್ಷೋಪಿಂಗ್ ಪಟ್ಟಣದವನು, ಶಾಲೆಯಲ್ಲಿ ಇತಿಹಾಸ ಹೇಳಿಕೊಡುತ್ತೇನೆಂದ.

"ಈ ಅಚ್ಚು ನೀವೇ ಕೊರೆದಿದ್ದಾ?"

ಹೆನ್ನಿಂಗ್ ಉತ್ತರ ಕೊಡಲು ಹೋಗಿ ಸಿಕ್ಕಿಹಾಕಿಕೊಂಡ. ಕತ್ತಿನ ನರ ಉಬ್ಬಿತು, ಕಣ್ಣು ಮುಚ್ಚಿಕೊಂಡಿತು. ಒಂದು ನಿಮಿಷವೇ ಆಯಿತೇನೋ. ಕಣ್ಣು ಬಿಟ್ಟಾಗಲೂ ಆ ಮನುಷ್ಯ ಅಲ್ಲೇ ಇದ್ದ. ಆಕಾಶ ನೋಡುತ್ತಿರಲಿಲ್ಲ, ಮುಗುಳ್ನಗುತ್ತಲೂ ಇರಲಿಲ್ಲ. ಬಸ್ಸಿಗೆ ಕಾಯುವವನಂತೆ, ಬಂದೇ ಬರುತ್ತದೆಂದು ಗೊತ್ತಿರುವವನಂತೆ ನಿಂತಿದ್ದ. "ಮೂ... ಮೂರು ವಾರ ಹಿಡೀತು," ಎಂದ ಹೆನ್ನಿಂಗ್ ಕೊನೆಗೆ. ತನ್ನ ವಾಕ್ಯವನ್ನು ತಾನೇ ಮುಗಿಸಿ ಎಷ್ಟು ಕಾಲವಾಗಿತ್ತೆಂದು ಅವನಿಗೆ ಆಗಲೇ ಹೊಳೆದದ್ದು.

ಆ ಅಕ್ಟೋಬರಿನಲ್ಲಿ ಕ್ರಿಸ್ಟರ್ ಹಡಗಿನಲ್ಲಿ ಕಾರು ಹಾಕಿಕೊಂಡು ಬುರ್ಸ್‌ಗೇ ಬಂದ. ಮಕ್ಕಳ ಕೈಗೆ ಕೊಟ್ಟು ಪಾಠ ಮಾಡುವುದಕ್ಕೆಂದು ನಲವತ್ತು ನಾಣ್ಯ ಬೇಕೆಂದ. ಎರಡು ದಿನ ಆಸ್ತಾಳ ಕೋಣೆಯಲ್ಲಿ ಉಳಿದ. ಮರುವರ್ಷ ಮತ್ತೆ ಬಂದ, ಅದರ ಮರುವರ್ಷವೂ. ಅವನ ಹೆಸರಿನ ಮೊದಲಿಗೇ ಆ ಹಾಳು ಅಕ್ಷರವಿದ್ದುದರಿಂದ ಹೆನ್ನಿಂಗ್ ಅವನನ್ನು "ಮೇಷ್ಟ್ರೇ" ಎಂದು ಕರೆಯತೊಡಗಿದ. ಅಕ್ಟೋಬರಿನ ಎರಡನೇ ಶುಕ್ರವಾರ ಅವನ ವರ್ಷದ ಹಬ್ಬವಾಯಿತು. ಆ ದಿನಕ್ಕೆಂದು ಕುರಿಮಾಂಸಕ್ಕೆ ಎಲೆಕೋಸು ಹಾಕಿ ಬೇಯಿಸುತ್ತಿದ್ದ, ಕೇಸರಿ ಹಾಕಿದ ಅನ್ನದ ಕಡುಬನ್ನು ಒಲೆಯಲ್ಲಿ ಸುಡುತ್ತಿದ್ದ, ಅದರ ಜೊತೆಗೆ ಬೇಲಿಯ ಹಣ್ಣಿನ ಜಾಮು. ಊಟದ ನಂತರ ಮೇಷ್ಟ್ರು ಕೇಳುತ್ತಿದ್ದರು, ಇವನು ಹೇಳುತ್ತಿದ್ದ. ಇಡೀ ವರ್ಷ ಗಂಟಲಲ್ಲಿ ಉಳಿದದ್ದೆಲ್ಲ ಆ ಎರಡು ದಿನದಲ್ಲಿ ಹೊರಬರುತ್ತಿತ್ತು.

ಒಮ್ಮೆ ಮಾತ್ರ ಮೇಷ್ಟ್ರ ಒಂದು ಮಾತಿಗೆ ಹೆನ್ನಿಂಗ್ ಒಪ್ಪಲಿಲ್ಲ.

"ಅಂಚಿನಲ್ಲಿ ಆ ಅಕ್ಷರ ಇಲ್ದೇ ಮಾಡಿಕೊಡೋಕಾಗುತ್ತಾ?" ಎಂದಿದ್ದ ಕ್ರಿಸ್ಟರ್. "ಮಕ್ಕಳು ಅದನ್ನೇ ನೋಡಿ ಇದು ಡೂಪ್ಲಿಕೇಟು ಅಂತ ಕಿರುಚ್ತಾರೆ."

"ಡೂ... ಡೂಪ್ಲಿಕೇಟೇ ಅಲ್ವಾ, ಮೇಷ್ಟ್ರೇ?"

ಇಬ್ಬರೂ ನಕ್ಕಿದ್ದರು. ಮಾತು ಅಲ್ಲಿಗೇ ನಿಂತಿತ್ತು.

ಮೂರನೆಯ ವರ್ಷ ಹೆನ್ನಿಂಗ್ ಅವನಿಗೆ ತನ್ನ ಅಪ್ಪನ ಕಥೆ ಹೇಳಿದ. ಇವನಿಗಾಗ ಎಂಟು ವರ್ಷ. ಅಪ್ಪ ಬೀಟ್ ಗೆಡ್ಡೆಯ ಹೊಲ ಉಳುತ್ತಿದ್ದಾಗ ಮಗುಚಿದ ಮಣ್ಣಿನಲ್ಲಿ ಹನ್ನೊಂದು ಬೆಳ್ಳಿ ನಾಣ್ಯ ಸಿಕ್ಕವು. ಹಾಲಿನ ಕ್ಯಾನಿನ ಮುಚ್ಚಳದಲ್ಲಿ ನೀರು ಹಾಕಿ ತೊಳೆದರು. ಆ ಸಂಜೆ ಅಪ್ಪ ಒಂದನ್ನು ಮಗನ ಅಂಗೈಯಲ್ಲಿಟ್ಟು, "ಒಂದ್ಸಲ ಹಿಡ್ಕೊಂಡು ನೋಡು, ನಾಳೆ ಕೊಟ್ಟುಬಿಡ್ತೀವಿ" ಎಂದ. ಕಾನೂನು ಹಾಗೇ ಇತ್ತು, ನೆಲದಲ್ಲಿ ಸಿಕ್ಕ ಬೆಳ್ಳಿ ಸರ್ಕಾರದ್ದು. ಮರುದಿನ ಅಪ್ಪ ಕಾಗದ ಬರೆದ. ಸ್ಟಾಕ್‌ಹೋಮಿನಿಂದ ಹ್ಯಾಟು ಹಾಕಿದ ಒಬ್ಬ ಬಂದು ತೆಗೆದುಕೊಂಡು ಹೋದ. ಊರಿನವರು ಅಪ್ಪನನ್ನು ಪೆದ್ದನೆಂದು ವರ್ಷಗಟ್ಟಲೆ ಆಡಿಕೊಂಡರು. ಅಪ್ಪ ತಲೆ ಕೆಡಿಸಿಕೊಳ್ಳಲಿಲ್ಲ. ಇಷ್ಟು ಹೇಳುವುದಕ್ಕೆ ಹೆನ್ನಿಂಗನಿಗೆ ಒಂದು ಗಂಟೆ ಹಿಡಿಯಿತು. ಮೇಷ್ಟ್ರು ಒಂದು ಸಲವೂ ಗಡಿಯಾರ ನೋಡಲಿಲ್ಲ.

ಐದನೆಯ ವರ್ಷದ ಸೆಪ್ಟೆಂಬರ್ ಕೊನೆಗೆ, ಮೇಷ್ಟ್ರು ಬರಲು ಎರಡು ವಾರವಿರುವಾಗ, ವಿಸ್ಬಿಯಿಂದ ಈಲ್ವಾ ಎಂಬಾಕೆ ಅವನ ಬಾಗಿಲು ತಟ್ಟಿದಳು. ದ್ವೀಪದಲ್ಲಿ ಸಿಕ್ಕ ಹಳೇ ನಾಣ್ಯಗಳನ್ನು ಓದುವುದೇ ಅವಳ ಕೆಲಸ. ಕಾಫಿಗೂ ಕಾಯದೆ ಅಡುಗೆಮನೆಯ ಮೇಜಿನ ಮೇಲೆ ತನ್ನ ಬೀಗದ ಗೊಂಚಲು ಇಟ್ಟಳು. ಅದರಲ್ಲೊಂದು ಬೆಳ್ಳಿ ಪೆನ್ನಿ ತೂಗುತ್ತಿತ್ತು.

"ಇದು ನಿಮ್ಮದೇ ಅಲ್ವಾ? ಸಂತೇಲಿ ನನ್ನ ಮಗಳಿಗೆ ಕೊಂಡಿದ್ದೆ."

"ಹೌ... ಹೌದು."

"ಹಾಗಾದ್ರೆ ಇದು?"

ಅವಳು ಮುಂದಿಟ್ಟ ಹಾಳೆಯಲ್ಲಿ ಒಂದು ನಾಣ್ಯದ ದೊಡ್ಡ ಚಿತ್ರವಿತ್ತು. ಕಪ್ಪಾಗಿ, ಸ್ವಲ್ಪ ಬಾಗಿ, ಹಳೇ ಕಾಲದವರು ಬೆಳ್ಳಿ ಪರೀಕ್ಷಿಸಲು ಮಾಡುತ್ತಿದ್ದಂತೆ ಚಾಕುಮೊನೆಯಿಂದ ಚುಚ್ಚಿಸಿಕೊಂಡು, ಸಾವಿರ ವರ್ಷ ಮಣ್ಣಿನಲ್ಲಿದ್ದಂತೆ ಕಾಣುತ್ತಿತ್ತು. ಅಂಚಿನಲ್ಲಿ ಅಕ್ಷರವಿರಲಿಲ್ಲ. ಅಲ್ಲಿ ಅರ ಆಡಿಸಿ ನುಣುಪು ಮಾಡಿದ್ದರು. ಆದರೆ ರಾಜನ ಮೂಗಿನ ಕೆಳಗೆ ಆ ಗೀರು ಹಾಗೇ ಇತ್ತು. ತನ್ನ ಕೈಬರಹ ಬೇರೊಬ್ಬನ ಕಾಗದದಲ್ಲಿ ಕಂಡವನಂತೆ ಹೆನ್ನಿಂಗ್ ನೋಡುತ್ತಾ ಕೂತ.

"ಆನ್‌ಲೈನ್ ಹರಾಜಿನಲ್ಲಿ ಇದನ್ನ ಏಳು ಸಾವಿರದ ಇನ್ನೂರು ಕ್ರೋನಾಕ್ಕೆ ಯಾರೋ ತಗೊಂಡಿದಾರೆ," ಎಂದಳು ಈಲ್ವಾ. "ಗೊಟ್ಲಂಡಿನ ಹೊಲದಲ್ಲಿ ಸಿಕ್ಕಿದ್ದು ಅಂತ ಬರೆದಿದ್ರು. ಯಾರೋ ಕದ್ದು ಅಗೀತಾ ಇದಾರೆ ಅಂದ್ಕೊಂಡು ಬೆನ್ನು ಹತ್ತಿದೆ. ಕಳ್ಳನ ಹುಡುಕೋಕೆ ಹೋದ್ರೆ ಖೋಟಾ ಸಿಕ್ತು. ಇಲ್ಲೀವರೆಗೆ ಇಪ್ಪತ್ತಾರು. ಎಲ್ಲದರಲ್ಲೂ ಇದೇ ಗೀರು. ನಿಮ್ಮ ಹತ್ರ ಒಟ್ಟಿಗೆ ಜಾಸ್ತಿ ತಗೊಂಡು ಹೋಗೋರು ಯಾರು?"

"ಮ... ಮ... ಮೇ..."

"ಮರೆತುಹೋಯ್ತಾ?"

ಅವನು ಹೂಂ ಎಂದು ತಲೆಯಾಡಿಸಿದ. ಬೆಣ್ಣೆಯ ಪೊಟ್ಟಣ ತೆಗೆದುಕೊಂಡಂತೆ ಆ ಸುಳ್ಳನ್ನೂ ತೆಗೆದುಕೊಂಡ. ಈಲ್ವಾ ಅವನನ್ನೊಮ್ಮೆ ದಿಟ್ಟಿಸಿ ನೋಡಿ, ತನ್ನ ಫೋನ್ ನಂಬರು ಬರೆದಿಟ್ಟು ಹೊರಟುಹೋದಳು.

ಎರಡು ದಿನ ಕಳೆದು ಅವನು ಬಸ್ಸಿನಲ್ಲಿ ಹತ್ತಿರದ ಹೆಮ್ಸೆ ಊರಿನ ಗ್ರಂಥಾಲಯಕ್ಕೆ ಹೋದ. ಅಲ್ಲಿ ಕೆಲಸ ಮಾಡುವ ಯೊನ್ನಾಳಿಗೆ ತಾನು ನೋಡಬೇಕಾದ್ದನ್ನು ಚೀಟಿಯಲ್ಲಿ ಬರೆದು ತೋರಿಸಿದ. ಅವಳು ಕಂಪ್ಯೂಟರಿನಲ್ಲಿ ಆ ಹರಾಜಿನ ಪುಟ ತೆಗೆದು, "ಬಾಣದ ಗುರುತು ಒತ್ತಿದ್ರೆ ಮುಂದಿನ ಚಿತ್ರ" ಎಂದು ಹೇಳಿ ಹೋದಳು.

ಅವನು ಒತ್ತುತ್ತಾ ಹೋದ. ನೆಗಡಿ ಹಿಡಿದ ರಾಜರು ಒಬ್ಬರ ಹಿಂದೊಬ್ಬರು ಬಂದರು. ಐದನೆಯದೋ ಆರನೆಯದೋ ಚಿತ್ರದಲ್ಲಿ ನಾಣ್ಯದ ಕೆಳಗಿನ ಬಟ್ಟೆ ಕಂಡು ಅವನ ಕೈ ನಿಂತಿತು. ನೀಲಿ ಅಂಚಿನ ಬಿಳಿ ಹಾಸು. ಆಸ್ತಾ ನೇಯ್ದದ್ದು. ಒಂದು ಮೂಲೆಯಲ್ಲಿ ಅವಳು ಕಾಫಿ ಚೆಲ್ಲಿದ ಕಲೆಯೂ ಇತ್ತು. ಈ ಚಿತ್ರ ತೆಗೆದದ್ದು ತನ್ನದೇ ಅಡುಗೆಮನೆಯಲ್ಲಿ, ಹಿಂದೆ ಒಯ್ದ ನಾಣ್ಯವನ್ನು ಮತ್ತೆ ಇಲ್ಲಿಗೇ ತಂದು, ತಾನು ಹಿತ್ತಲಿಗೆ ಸೌದೆ ತರಲು ಹೋದಾಗಲೋ ಏನೋ.

ಚಿತ್ರದ ಕೆಳಗೆ ಎಂಟು ಸಾಲು ಬರೆದಿತ್ತು. 'ನಮ್ಮಜ್ಜ ಬಾಲ್ಟಿಕ್ ದ್ವೀಪವೊಂದರ ಬಡ ರೈತ. ಬೀಟ್ ಹೊಲ ಉಳುವಾಗ ನಾಣ್ಯಗಳು ಸಿಕ್ಕವು. ಕಾನೂನಿಗೆ ಹೆದರಿ ಹಾಲಿನ ಕ್ಯಾನಿನಲ್ಲಿ ಮುಚ್ಚಿಟ್ಟ. ಹಳ್ಳಿಯವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಆಮೇಲೆ ಮಾತು ಬಾರದ ನಮ್ಮ ಮಾವನ ಮನೆಯಲ್ಲಿ ಅರವತ್ತು ವರ್ಷ ಇದ್ದವು...'

ಒಂದು ಗಂಟೆ ಉಗ್ಗಿ ಉಗ್ಗಿ ಹೇಳಿದ್ದು ಎಂಟು ಸಾಲಿಗೆ ಇಳಿದಿತ್ತು. ಅದನ್ನಾದರೂ ಸಹಿಸಬಹುದಿತ್ತು. ಆದರೆ ಈ ಬರಹದಲ್ಲಿ ಅಪ್ಪ ಕಳ್ಳನಾಗಿದ್ದ.

ಯೊನ್ನಾ ವಾಪಸು ಬಂದು, "ಸಿಕ್ತಾ?" ಎಂದಳು. ಅವನು ತಲೆಯಾಡಿಸಿ, ಆ ಪುಟ ಮುದ್ರಿಸಿಕೊಡುವಂತೆ ಕೈಸನ್ನೆ ಮಾಡಿದ.

ಎರಡನೇ ಶುಕ್ರವಾರ ಮಧ್ಯಾಹ್ನ ಕಾರು ಅಂಗಳಕ್ಕೆ ಬಂತು. ಹೆನ್ನಿಂಗ್ ಕುರಿಮಾಂಸ ಬೇಯಿಸಿಯೇ ಇಟ್ಟಿದ್ದ. ಬಂದವರಿಗೆ ಊಟವಿಲ್ಲ ಎನ್ನುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಕ್ರಿಸ್ಟರ್ ಟೊಪ್ಪಿ ತೆಗೆದು, ಕೈ ಉಜ್ಜಿಕೊಂಡು, "ಆಹಾ, ಹಡಗಿಂದ ಇಳಿಯೋವಾಗ್ಲೇ ಈ ವಾಸನೆ ನೆನಪಾಗಿತ್ತು" ಎನ್ನುತ್ತಾ ಕೂತ. ಆಮೇಲೆ ತಟ್ಟೆಯ ಪಕ್ಕದ ಹಾಳೆ ನೋಡಿದ. ಬಹಳ ಹೊತ್ತು ಓದಿದಂತೆ ಮಾಡಿದ, ತಾನೇ ಬರೆದದ್ದಾದರೂ.

"ಅಪ್ಪ ಮು... ಮುಚ್ಚಿಡಲಿಲ್ಲ," ಎಂದ ಹೆನ್ನಿಂಗ್.

"ಗೊತ್ತು."

"ಮ... ಮತ್ತೆ?"

"ಕೊಟ್ಟುಬಿಟ್ಟ ಅಂತ ಬರೆದ್ರೆ ನನ್ನ ಹತ್ರ ಹೇಗೆ ಬಂತು ಅಂತ ಕೇಳ್ತಾರಲ್ಲ, ಹೆನ್ನಿಂಗ್." ದನಿಯಲ್ಲಿ ನಾಚಿಕೆಯೂ ಇರಲಿಲ್ಲ, ಸೊಕ್ಕೂ ಇರಲಿಲ್ಲ. ಮಗುವಿಗೆ ಲೆಕ್ಕ ಬಿಡಿಸಿ ತೋರಿಸುವ ದನಿ. "ಅಂಚು ಉಜ್ಜಿದ್ದು ನಾನು. ಬೆಂದ ಮೊಟ್ಟೆ ಜೊತೆ ಡಬ್ಬೀಲಿಟ್ಟು ಕಪ್ಪು ಮಾಡಿದ್ದೂ ನಾನು. ನಿಮ್ಮದೇನೂ ತಪ್ಪಿಲ್ಲ. ಕೊಂಡೋರೂ ಖುಷಿಯಾಗಿದಾರೆ. ರಾತ್ರಿ ಮಲಗೋ ಮುಂಚೆ ತೆಗೆದು ನೋಡ್ತಾರಂತೆ. ಯಾರಿಗೆ ಏನು ನಷ್ಟ?"

"ನೀ... ನೀನು ಮೇಷ್ಟ್ರಾ?"

ಐದು ವರ್ಷದಲ್ಲಿ ಮೊದಲ ಬಾರಿಗೆ ನೀನು ಎಂದಿದ್ದ. ಕ್ರಿಸ್ಟರ್ ಅದನ್ನು ಗಮನಿಸಿದ.

"ಆಗಿದ್ದೆ. ಬಿಟ್ಟು ಏಳು ವರ್ಷ ಆಯ್ತು." ಫೋರ್ಕು ಎತ್ತಿಕೊಂಡು ಮತ್ತೆ ಕೆಳಗಿಟ್ಟ. "ಅರ್ಧ ನಿಮಗೇ ಕೊಡ್ತೀನಿ. ಮೊದಲಿಂದ ಇಲ್ಲೀತನಕದ್ದು."

"ಬೇಡ."

ಈ ಒಂದು ಮಾತು ಎಲ್ಲೂ ತಡೆಯದೆ ಬಂತು.

ಮಾಂಸ ತಣ್ಣಗಾಗಿ ಮೇಲೆ ಬಿಳಿ ಕೊಬ್ಬು ಕಟ್ಟಿತು. ಕ್ರಿಸ್ಟರ್ ಎದ್ದು ಟೊಪ್ಪಿ ಹಾಕಿಕೊಂಡ. "ನಾಣ್ಯಕ್ಕೋಸ್ಕರ ಮಾತ್ರ ಬರ್ತಿದ್ದೆ ಅಂತ ಅಂದ್ಕೋಬೇಡಿ. ನಾಣ್ಯ ಅಂಚೇಲೂ ತರಿಸ್ಕೋಬಹುದಿತ್ತು."

ಬಾಗಿಲ ಹತ್ತಿರ ತಿರುಗಿ ಕೇಳಿದ: "ಪೊಲೀಸರಿಗೆ ಹೇಳ್ತೀರಾ?"

ಹೆನ್ನಿಂಗ್ ತಟ್ಟೆಗಳನ್ನು ಒಂದರ ಮೇಲೊಂದು ಇಡತೊಡಗಿದ.

"ನಿಮ್ಮ ಕೈಲಿ ಫೋನ್ ಮಾಡೋಕಾಗಲ್ಲ," ಎಂದ ಕ್ರಿಸ್ಟರ್. ಹೀಯಾಳಿಸಲಿಲ್ಲ. ಅವನ ಎಲ್ಲ ಮಾತುಗಳಂತೆ ಇದೂ ಮೃದುವಾಗಿಯೇ ಇತ್ತು.

ಅಂಚೆಯಲ್ಲೂ ತರಿಸಿಕೊಳ್ಳಬಹುದಿತ್ತು ಎಂಬ ಮಾತು ಹೆನ್ನಿಂಗನನ್ನು ಮೂರು ದಿನ ಬಿಡಲಿಲ್ಲ. ನಿಜವೇ ಇರಬಹುದು. ಎರಡು ದಿನ ಉಳಿಯುವ ಅಗತ್ಯ ಅವನಿಗಿರಲಿಲ್ಲ, ಆಸ್ತಾಳ ಬಾಲ್ಯದ ಕಥೆ ಕೇಳುವ ಅಗತ್ಯವೂ ಇರಲಿಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, ಆ ಕಥೆಗಳೇ ಬೇಕಾಗಿದ್ದವು, ಅವು ಅಂಚೆಯಲ್ಲಿ ಬರುತ್ತಿರಲಿಲ್ಲ. ಎರಡನ್ನೂ ತೂಗಿ ನೋಡಿದ. ತಕ್ಕಡಿ ಯಾವ ಕಡೆಗೂ ವಾಲಲಿಲ್ಲ. ಈ ಮನುಷ್ಯನನ್ನು ಹಿಡಿದುಕೊಟ್ಟರೆ ಮುಂದಿನ ಅಕ್ಟೋಬರಿನಲ್ಲಿ ಅಂಗಳಕ್ಕೆ ಯಾವ ಕಾರೂ ಬರುವುದಿಲ್ಲ ಎಂಬುದೊಂದು ಮಾತ್ರ ಖಚಿತವಾಗಿತ್ತು.

ಸೋಮವಾರ ಬೆಳಿಗ್ಗೆ ಅವನು ಫೋನಿನ ಮುಂದೆ ಕೂತ. ಆ ಫೋನನ್ನು ಆಸ್ತಾ ಹೋದ ಮೇಲೆ ಅವನಾಗಿ ಎತ್ತಿದ್ದಿಲ್ಲ. ಪೊಲೀಸರ ನಂಬರು ತಿರುಗಿಸಿದ. ಆಚೆಯಿಂದ ಒಬ್ಬ ಹಲೋ ಹಲೋ ಎಂದು ಮೂರು ಸಲ ಕೂಗಿ ಇಟ್ಟುಬಿಟ್ಟ. ಎರಡನೇ ಸಲ ಅದೇ ದನಿ, "ನೋಡಪ್ಪ, ಆಟ ಆಡೋಕೆ ಇದು ಜಾಗ ಅಲ್ಲ" ಎಂದು ಗದರಿ ಇಟ್ಟಿತು. ಹೆನ್ನಿಂಗ್ ಎದ್ದು, ನೀರು ಕುಡಿದು, ಅಂಗಳದಲ್ಲಿ ಒಂದು ಸುತ್ತು ಹಾಕಿ ಬಂದ. ಏನು ಹೇಳಬೇಕೆಂದು ಯೋಚಿಸಿದ. 'ಕಾಯಿರಿ' ಎನ್ನುವುದು ಸಾಧ್ಯವೇ ಇರಲಿಲ್ಲ. ಬೇರೆ ಪದ ಹುಡುಕಿದ.

ಮೂರನೇ ಸಲ ಒಬ್ಬ ಹೆಂಗಸು ಎತ್ತಿದಳು.

"ನನಗೆ ಉ... ಉಗ್ಗು. ತಡೀರಿ."

"ತಡೀತೀನಿ," ಎಂದಳು ಅವಳು. "ನಿಧಾನಕ್ಕೆ ಹೇಳಿ. ಇವತ್ತು ಇಲ್ಲಿ ಅಂಥಾ ಕೆಲಸ ಏನೂ ಇಲ್ಲ."

ಇಪ್ಪತ್ತನಾಲ್ಕು ನಿಮಿಷ ಹಿಡಿಯಿತು. ಫೋನಿಟ್ಟಾಗ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಅದೇ ವಾರ ಅವನು ಅಚ್ಚುಗಳೆರಡನ್ನೂ ಬಟ್ಟೆಯಲ್ಲಿ ಸುತ್ತಿ ವಿಸ್ಬಿಗೆ ಒಯ್ದು ಈಲ್ವಾಳ ಮೇಜಿನ ಮೇಲಿಟ್ಟ. ಅವಳು ಒಂದು ಮಾತು ಎಚ್ಚರಿಸಿದಳು. "ಇವುಗಳ ಚಿತ್ರ ತೆಗೆದು ನಾಣ್ಯ ಸಂಗ್ರಹಿಸೋರ ಜಾಲತಾಣದಲ್ಲಿ ಹಾಕಿದ್ರೆ, ಜಗತ್ತಲ್ಲಿ ಎಲ್ಲಿ ಈ ನಾಣ್ಯ ಕಂಡ್ರೂ ಗುರುತು ಸಿಗುತ್ತೆ. ಆದ್ರೆ ನಿಮ್ಮ ಹೆಸರು ಹಾಕಲೇಬೇಕಾಗುತ್ತೆ. ಜನ ಪೂರ್ತಿ ಓದಲ್ಲ. ಖೋಟಾ ಅಂತ ಇರುತ್ತೆ, ಪಕ್ಕದಲ್ಲಿ ನಿಮ್ಮ ಹೆಸರು ಇರುತ್ತೆ."

"ಹಾ... ಹಾಕಿ."

ಅವಳು ಹೇಳಿದಂತೆಯೇ ಆಯಿತು. ಪಕ್ಕದ ಹೊಲದ ಕುರಿ ಸಾಕುವ ತೂರೆ ಬೇಲಿಯಾಚೆಯಿಂದ ಕೂಗಿದ: "ಏನಪ್ಪಾ ಹೆನ್ನಿಂಗ್, ನೋಟು ಯಾವಾಗ ಅಚ್ಚು ಹಾಕ್ತೀಯಾ? ನನಗೂ ಒಂದು ಕಟ್ಟು ಎತ್ತಿಟ್ಟಿರು ಮಾರಾಯ, ಟ್ರ್ಯಾಕ್ಟರ್ ಟೈರು ಸವೆದುಹೋಗಿದೆ!" ತೂರೆ ತಮಾಷೆಗೇ ಹೇಳಿದ್ದು. ಪ್ರತಿ ವಾರ ಹೇಳಿದ. ಸಂತೆ ನಡೆಸುವವರಿಂದ ಬಹಳ ಮರ್ಯಾದೆಯ ಭಾಷೆಯಲ್ಲಿ ಒಂದು ಕಾಗದ ಬಂತು, ಸದ್ಯದ ಪರಿಸ್ಥಿತಿಯಲ್ಲಿ ಮುಂದಿನ ಆಗಸ್ಟಿಗೆ ಮಳಿಗೆ ಕೊಡುವುದು ಕಷ್ಟವೆಂದು.

ಮಾರ್ಚಿನಲ್ಲಿ ನೊರ್ಷೋಪಿಂಗ್ ನ್ಯಾಯಾಲಯದಲ್ಲಿ ಮೊಕದ್ದಮೆ ನಡೆಯಿತು. ಹೆನ್ನಿಂಗ್ ಹದಿನೇಳು ವರ್ಷದ ನಂತರ ಹಡಗು ಹತ್ತಿದ. ಸಾಕ್ಷಿಯನ್ನು ಬರೆದು ಕೊಡಬಹುದೆಂದು ಮೊದಲೇ ತಿಳಿಸಿದ್ದರು. ಬಾಯ್ಮಾತಿನಲ್ಲೇ ಹೇಳುತ್ತೇನೆಂದು ಅವನು ಬರೆದು ಕಳಿಸಿದ್ದ.

ಮೊದಲಿಗೇ ಪೂರ್ತಿ ಹೆಸರು ಕೇಳಿದರು. ಅದಕ್ಕೇ ಸಾಕಷ್ಟು ಹೊತ್ತಾಯಿತು. ಆಮೇಲೆ ಕ್ರಿಸ್ಟರನ ವಕೀಲ ಎದ್ದು ನಿಂತ. ಚುರುಕಾದ ಯುವಕ. ಇವನು ಬಾಯಿ ತೆರೆದಾಗಲೆಲ್ಲ ಮುಂದಿನ ಪದ ಅವನೇ ಇಡುತ್ತಿದ್ದ.

"ಅಂಚಿನ ಗುರುತು ಬೇಡ ಅಂತ ಅವರು ಕೇಳಿದಾಗ ನಿಮಗೆ ಏನನ್ನಿಸಿತು?"

"ಅ... ಅನು..."

"ಅನುಮಾನ ಬಂದಿತ್ತು, ಅಲ್ವಾ? ಅಂದ್ರೆ ನಿಮಗೆ ಗೊತ್ತಿತ್ತು."

"ನ... ನನ್ನ ಮಾತು," ಎಂದ ಹೆನ್ನಿಂಗ್, "ನಾನೇ ಮು... ಮುಗಿಸ್ತೀನಿ."

ನ್ಯಾಯಾಧೀಶೆ ವಕೀಲನ ಕಡೆ ನೋಡಿದಳು. ವಕೀಲ ಕೂತ.

"ಅನುಮಾನ ಬ... ಬರಲಿಲ್ಲ. ಬರಬೇಕಿತ್ತು. ಮನೆಗೆ ಬ... ಬರೋರು ಅವರೊಬ್ಬರೇ. ಅದಕ್ಕೇ ಬರಲಿಲ್ಲ."

ನಾಣ್ಯಗಳನ್ನು ಕೊಂಡವನ ಹೆಸರು ಹೇಳಿ ಎಂದರು. ಅದನ್ನು ಅವನು ಒಂದು ದಿನವೂ ಬಾಯಿಂದ ಹೇಳಿರಲಿಲ್ಲ. ಮೊದಲ ಅಕ್ಷರದಲ್ಲೇ ನಿಂತುಹೋದ. ಕತ್ತಿನ ನರ ಉಬ್ಬಿತು. ಸಭೆಯಲ್ಲಿದ್ದವರು ಒಬ್ಬೊಬ್ಬರಾಗಿ ತಲೆ ತಗ್ಗಿಸಿ ಬೂಟು ನೋಡಿಕೊಂಡರು, ಬರೆದುಕೊಳ್ಳುವವಳು ಪೆನ್ನಿನ ಮುಚ್ಚಳ ತಿರುಗಿಸಿದಳು. ಒಬ್ಬ ಮಾತ್ರ ನೇರವಾಗಿ ಅವನನ್ನೇ ನೋಡುತ್ತಿದ್ದ, ಅಡುಗೆಮನೆಯ ಮೇಜಿನಾಚೆಯಿಂದ ನೋಡುತ್ತಿದ್ದಂತೆ, ಯಾವ ಅವಸರವೂ ಇಲ್ಲದೆ. ಹೆನ್ನಿಂಗ್ ಆ ಮುಖವನ್ನೇ ಹಿಡಿದುಕೊಂಡ.

"ಕ್... ಕ್ರಿಸ್ಟರ್," ಎಂದ. "ಕ್ರಿಸ್ಟರ್ ಹೆಡ್ವಾಲ್."

ಹೊರಗೆ ಓಣಿಯಲ್ಲಿ ಇಬ್ಬರೂ ಎದುರಾದರು. ಹೆನ್ನಿಂಗನಿಗೆ ಏನೋ ಹೇಳಬೇಕಿತ್ತು. ಕ್ಷಮಿಸು ಎಂದಲ್ಲ, ಕ್ಷಮಿಸಿದೆ ಎಂದೂ ಅಲ್ಲ. ಅಪ್ಪನ ಬಗ್ಗೆ ಬರೆದದ್ದೊಂದನ್ನು ಅಳಿಸಿಬಿಡು ಎಂದಿರಬೇಕು. ಬಾಯಿ ತೆರೆದ. ಮಾತು ಸಿಕ್ಕಿಕೊಂಡಿತು. ಅಷ್ಟರಲ್ಲಿ ವಕೀಲ ಮೆಟ್ಟಿಲ ಕಡೆಯಿಂದ ಕರೆದ. ಕ್ರಿಸ್ಟರ್ ಒಂದೆರಡು ಉಸಿರಿನಷ್ಟು ಹೊತ್ತು ನಿಂತು, ತಲೆ ಬಾಗಿಸಿ, ಹೋಗಿಬಿಟ್ಟ.

ತಪ್ಪು ಸಾಬೀತಾಯಿತು. ಜೈಲಾಗಲಿಲ್ಲ. ಕೊಂಡವರಿಗೆಲ್ಲ ಹಣ ಹಿಂದಿರುಗಿಸಬೇಕೆಂದಾಯಿತು. ಹೆನ್ನಿಂಗನದೇನೂ ತಪ್ಪಿಲ್ಲವೆಂದು ತೀರ್ಪಿನಲ್ಲಿ ಒಂದು ಸಾಲಿತ್ತು. ಅದನ್ನು ಯಾವ ಪತ್ರಿಕೆಯೂ ಬರೆಯಲಿಲ್ಲ. ಹರಾಜಿನ ಪುಟಗಳನ್ನು ತೆಗೆದುಹಾಕಿದ್ದಾರೆಂದು ಯೊನ್ನಾ ಹೇಳಿದಳು. ಆಗಸ್ಟ್ ಬಂದು ಹೋಯಿತು. ಅಕ್ಟೋಬರಿನ ಎರಡನೇ ಶುಕ್ರವಾರ ಅವನು ಹಿತ್ತಲಲ್ಲಿ ಬಿದ್ದ ಸೇಬು ಆರಿಸಿ ಬುಟ್ಟಿಗೆ ತುಂಬಿದ. ಒಬ್ಬನಿಗೆ ಅಷ್ಟು ಸೇಬು ಬೇಕಿರಲಿಲ್ಲ. ತೂರೆಯ ಕುರಿಗಳಿಗೆ ಬೇಲಿಯಾಚೆ ಸುರಿದ.

ನವೆಂಬರಿನಲ್ಲಿ ಡೆನ್ಮಾರ್ಕಿನಿಂದ ಒಂದು ಕಾಗದ ಬಂತು. ಪ್ರೆಬೆನ್ ಎಂಬ ಮುದುಕ, ಹಿಂದೆ ಬಂದರಿನಲ್ಲಿ ಕ್ರೇನು ನಡೆಸುತ್ತಿದ್ದವನು. ಆರು ನಾಣ್ಯ ಕೊಂಡಿದ್ದನಂತೆ, ಹೆನ್ನಿಂಗನ ಹೆಸರು ಆ ಜಾಲತಾಣದಲ್ಲಿ ಸಿಕ್ಕಿತಂತೆ. 'ಹಣ ವಾಪಸು ಬರ್ತಾ ಇದೆ, ಅದರ ಚಿಂತೆಯಿಲ್ಲ,' ಎಂದು ಬರೆದಿದ್ದ. 'ನಾಣ್ಯ ಸುಳ್ಳು ಅಂತ ಗೊತ್ತಾಯಿತು. ಹೊಲ ಉಳುವಾಗ ಅವು ಸಿಕ್ಕ ವಿಷಯವೂ ಸುಳ್ಳೇ? ಆ ಭಾಗ ನನಗೆ ಬಹಳ ಇಷ್ಟವಾಗಿತ್ತು. ನಿಮಗೆ ಗೊತ್ತಿರಬಹುದೆಂದು ಕೇಳುತ್ತಿದ್ದೇನೆ.'

ಹೆನ್ನಿಂಗ್ ನಾಲ್ಕು ದಿನ ಕೂತು ಆರು ಪುಟ ಬರೆದ. ಕಾಗದದ ಮೇಲೆ ಅವನಿಗೆ ಉಗ್ಗಿರಲಿಲ್ಲ. ಅಪ್ಪನ ಹೆಸರು, ಹೊಲದ ಹೆಸರು, ನೇಗಿಲೆಳೆದ ಕುದುರೆಯ ಹೆಸರು, ಹಾಲಿನ ಕ್ಯಾನಿನ ಮುಚ್ಚಳ, ಹ್ಯಾಟಿನವನು ಕೊಟ್ಟ ರಸೀತಿ, ಊರಿನವರ ನಗೆ, ಎಲ್ಲ ಬರೆದ. ಅಪ್ಪ ಮರುದಿನವೇ ಕಾಗದ ಹಾಕಿದ ಎಂಬುದನ್ನು ಎರಡು ಸಲ ಬರೆದ.

ಡಿಸೆಂಬರಿನಲ್ಲಿ ಉತ್ತರ ಬಂತು, ಒಂದು ಕಾರ್ಡಿನಲ್ಲಿ ಮೂರು ಸಾಲು. 'ವಂದನೆ. ನನ್ನ ತಂಗಿಗೆ ಫೋನಿನಲ್ಲಿ ಪೂರ್ತಿ ಓದಿ ಹೇಳಿದೆ. ಅದು ಸಕ್ಕರೆ ಬೀಟೋ, ದನಕ್ಕೆ ಹಾಕುವ ಬೀಟೋ ಅಂತ ಕೇಳುತ್ತಿದ್ದಾಳೆ.'

ಸಕ್ಕರೆ ಬೀಟ್ ಎಂದು ಬರೆದು, ಅಂಚೆಚೀಟಿ ಹಚ್ಚಿ, ಅಂದೇ ಮಧ್ಯಾಹ್ನ ಹಿಮದಲ್ಲಿ ನಡೆದು ಹೋಗಿ ಹೆನ್ನಿಂಗ್ ಅದನ್ನು ಪೆಟ್ಟಿಗೆಗೆ ಹಾಕಿ ಬಂದ. ಆ ಚಳಿಗಾಲದಲ್ಲಿ ಮತ್ತೆ ಕಾಗದ ಬರಲಿಲ್ಲ.